ಬ್ಲ್ವಾ ಪಟ್ಟಣದ ಮಹಲೊಂದರ ಚರಿತ್ರೆಯನ್ನು ಕಟ್ಟಡದಿಂದಲೇ ಓದುವ ಬಗೆ

ಫ್ರಾನ್ಸಿನ ಲ್ವಾರ್ ನದಿಯ ದಡದಲ್ಲಿರುವ ಬ್ಲ್ವಾ ಪಟ್ಟಣದ ಒತೆಲ್ ದಲ್ವಿ ಎಂಬ ಹೆಸರು ಕೇಳಿ ಅದು ವಸತಿಗೃಹವೆಂದು ತಿಳಿಯಬಾರದು; ಫ್ರೆಂಚರಲ್ಲಿ ಸಿರಿವಂತರ ನಗರದ ಮನೆಗೂ ಒತೆಲ್ ಎಂದೇ ಹೆಸರು. ಇದನ್ನು ಕಟ್ಟಿಸಿದ ಫ್ಲೋರಿಮಂ ರೊಬೆರ್ತೆ ಎಂಟನೆಯ ಶಾರ್ಲ್, ಹನ್ನೆರಡನೆಯ ಲೂಯಿ, ಒಂದನೆಯ ಫ್ರಾನ್ಸ್ವಾ ಎಂಬ ಮೂವರು ಅರಸರ ಬಳಿ ಮಂತ್ರಿಯಾಗಿ ಅಧಿಕಾರದಲ್ಲಿದ್ದವನು.

ಮಹಲಿಗೆ ನೇರವಾಗಿ ಹೋಗದೆ, ಮೊದಲು ಬ್ಲ್ವಾದ ಅರಮನೆಯಲ್ಲಿ ಹನ್ನೆರಡನೆಯ ಲೂಯಿ ಕಟ್ಟಿಸಿದ ಭಾಗವನ್ನು ನೋಡಿಕೊಳ್ಳುವುದು ಒಳ್ಳೆಯದು. ಈ ಪಟ್ಟಣದಲ್ಲೇ ಹುಟ್ಟಿದ ಲೂಯಿ 1498ರಲ್ಲಿ ಪಟ್ಟಕ್ಕೆ ಬಂದದ್ದರಿಂದಲೇ ಬ್ಲ್ವಾ ರಾಜಪಟ್ಟಣವಾಯಿತು, ಆಸ್ಥಾನಿಕರು ಅರಮನೆಯ ಆಸುಪಾಸಿನಲ್ಲಿ ಮನೆ ಕಟ್ಟಿಸತೊಡಗಿದರು. ಅಲ್ಲಿನ ಕೆಂಪು ಇಟ್ಟಿಗೆ, ಬಿಳಿ ಕಲ್ಲಿನ ಜೋಡಣೆ ಮತ್ತು ರಾಜಲಾಂಛನವಾದ ಮುಳ್ಳುಹಂದಿಯನ್ನು ಗಮನವಿಟ್ಟು ನೋಡಬೇಕು.

ಆಮೇಲೆ ಸೇಂತ್ ಒನೊರೆ ಬೀದಿಗೆ ಬಂದು ಮಹಲಿನ ಎದುರು ನಿಂತರೆ, ಅದೇ ಇಟ್ಟಿಗೆ ಮತ್ತು ಕಲ್ಲಿನ ಜೋಡಣೆ ಇಲ್ಲಿಯೂ ಕಾಣುತ್ತದೆ. ಅಂದರೆ ಬೀದಿಗೆ ತೋರುವ ಮುಖದಲ್ಲಿ ಮಂತ್ರಿ ತನ್ನ ಅರಸನ ರೂಢಿಯನ್ನೇ ಅನುಸರಿಸಿದ್ದಾನೆ. ಒಳಂಗಳದಲ್ಲಿ ನೋಟವೇ ಬದಲಾಗುತ್ತದೆ. ಅಲ್ಲಿ ಒಂದರ ಮೇಲೊಂದು ಕಮಾನಿನ ಪಡಸಾಲೆಗಳಿವೆ, ಮೇಲಿನ ಕಟಾಂಜನದಲ್ಲಿ ರೋಮನ್ ಚಕ್ರವರ್ತಿಗಳ ಮುಖಗಳುಳ್ಳ ದುಂಡು ಫಲಕಗಳಿವೆ. 1494ರಿಂದ ಇಟಲಿಯ ಮೇಲೆ ದಂಡೆತ್ತಿ ಹೋದ ಫ್ರೆಂಚರು ಅಲ್ಲಿಂದ ಮನಸ್ಸಿನಲ್ಲಿ ಹೊತ್ತು ತಂದ ಅಭಿರುಚಿ ಇದು, ಮತ್ತು ನನ್ನ ದೃಷ್ಟಿಯಲ್ಲಿ ಇಡೀ ಕಟ್ಟಡದ ಜೀವಾಳವೂ ಇದೇ; ಆದ್ದರಿಂದ ಇಲ್ಲಿ ಅವಸರ ಮಾಡಬಾರದು.

ಅಂಗಳದಲ್ಲಿ ಈಗ ಕಾಣದ ಒಂದು ವಸ್ತುವನ್ನೂ ನೆನೆಯಬೇಕು. ಇಟಲಿಯ ಶಿಲ್ಪಿ ಮೈಕೆಲೇಂಜೆಲೊನಿಂದ ಬೈಬಲ್ಲಿನ ವೀರ ದಾವೀದನ ಕಂಚಿನ ಪ್ರತಿಮೆಯನ್ನು ಮಾಡಿಸಲು ಫ್ಲಾರೆನ್ಸ್ ಸರ್ಕಾರ 1502ರಲ್ಲಿ ಒಪ್ಪಂದ ಮಾಡಿಕೊಂಡದ್ದು ಫ್ರಾನ್ಸಿನ ಒಬ್ಬ ಸೇನಾಪತಿಗಾಗಿ; ಅಷ್ಟರಲ್ಲಿ ಆತ ಅರಸನ ಅವಕೃಪೆಗೆ ಗುರಿಯಾದ್ದರಿಂದ, ಪ್ರತಿಮೆಯನ್ನು 1508ರಲ್ಲಿ ರೊಬೆರ್ತೆಗೆ ಕಳುಹಿಸಿದರು. ಅದು ಈ ಅಂಗಳದಲ್ಲಿ ನಿಂತಿತ್ತು, ಮುಂದೆ ಅವನ ಬ್ಯುರಿ ಕೋಟೆಮನೆಗೆ ಹೋಗಿ, ಕೊನೆಗೆ ಎಲ್ಲೋ ಕಳೆದುಹೋಯಿತು. ಅಧಿಕಾರ ಯಾರ ಕೈಯಲ್ಲಿತ್ತೆಂಬುದನ್ನು ಈ ಉಡುಗೊರೆಯ ಪಯಣ ಯಾವ ದಾಖಲೆಗಿಂತಲೂ ಸ್ಪಷ್ಟವಾಗಿ ಹೇಳುತ್ತದೆ.

ಕಡೆಗೆ ಮತ್ತೆ ಅರಮನೆಗೆ ಹೋಗಿ, 1515ರಲ್ಲಿ ಆರಂಭವಾದ ಫ್ರಾನ್ಸ್ವಾನ ಭಾಗವನ್ನು, ಅದರ ತೆರೆದ ಸುರುಳಿ ಮೆಟ್ಟಿಲನ್ನು ನೋಡಬೇಕು. ಮಂತ್ರಿ ತನ್ನ ಅಂಗಳದೊಳಗೆ ಇರಿಸಿಕೊಂಡಿದ್ದ ಇಟಲಿಯ ಶೈಲಿಯನ್ನು ಹೊಸ ಅರಸ ಅರಮನೆಯ ಗೋಡೆಯ ಮೇಲೆಯೇ ತಂದಿರುವುದು ಆಗ ಕಣ್ಣಿಗೆ ಕಾಣುತ್ತದೆ.