ಹವೆ ನೋಡಿಕೊಂಡು ಕೇಕ್ ಮಾಡಿ

ಕೇಕ್ ಕಲಿಯಬೇಕು ಅಂತ ಮನಸ್ಸಾದ ಕೂಡಲೇ ಎಲ್ಲರೂ ಮಾಡುವ ಮೊದಲ ಕೆಲಸ ಸಾಮಾನು ತರುವುದು. ಡಬ್ಬಿ ತುಂಬ ನಾಝಲ್, ತಿರುಗುವ ಸ್ಟ್ಯಾಂಡ್, ಸಾಲು ಸಾಲು ಬಣ್ಣದ ಬಾಟಲಿ. ಅದರಲ್ಲಿ ಅರ್ಧ ಮುಂದಿನ ದೀಪಾವಳಿಗೆ ಅಟ್ಟ ಗುಡಿಸುವಾಗ ಸೀಲ್ ಒಡೆಯದೆ ಹಾಗೇ ಸಿಗುತ್ತದೆ. ಶುರುವಿಗೆ ನಿಜವಾಗಿ ಬೇಕಾದದ್ದು ಒಂದು ಡಿಜಿಟಲ್ ತಕ್ಕಡಿ, ಏಳು ಇಂಚಿನ ಒಂದು ಅಲ್ಯೂಮಿನಿಯಂ ಟಿನ್, ಅಳತೆ ಚಮಚಗಳು, ಸಣ್ಣ ಕಣ್ಣಿನ ಜರಡಿ. ಅಷ್ಟೇ. ತಕ್ಕಡಿ ಯಾಕೆ ಅಂದರೆ, ಪಾಕವಿಧಾನದಲ್ಲಿ ಹೇಳುವ ಕಪ್ ಸುಮಾರು 240 ಮಿಲಿಯದು. ನಮ್ಮ ಮನೆಯ ಕಾಫಿ ಕಪ್ ಅದರ ಅರ್ಧವೂ ಇರಬಹುದು. ಜರಡಿ ಹಿಡಿದು ಮೆಲ್ಲಗೆ ತುಂಬಿದ ಒಂದು ಕಪ್ ಮೈದಾಕ್ಕೂ, ಡಬ್ಬಿಯೊಳಗೆ ಅದುಮಿ ತೆಗೆದ ಕಪ್‌ಗೂ ತೂಕದಲ್ಲಿ ಬಹಳ ವ್ಯತ್ಯಾಸ. ಸಾರಿಗೆ ಉಪ್ಪು ಕಣ್ಣಂದಾಜಿನಲ್ಲಿ ಹಾಕಿ ಅಭ್ಯಾಸವಾದ ಕೈ ನಮ್ಮದು. ಸಾರಾದರೆ ರುಚಿ ನೋಡಿ ಸರಿ ಮಾಡಬಹುದು. ಓವನ್ ಒಳಗೆ ಹೋದ ಕೇಕಿಗೆ ಆಮೇಲೆ ಏನೂ ಮಾಡಲಾಗುವುದಿಲ್ಲ.

ಮೊಸರು ಹಾಕಿದ, ಮೊಟ್ಟೆ ಇಲ್ಲದ ಕೇಕಿನಿಂದ ಶುರು ಮಾಡಿ. ಒಂದು ಕಪ್ ಗಟ್ಟಿ ಮೊಸರಿಗೆ 170 ಗ್ರಾಂ ಸಕ್ಕರೆ ಹಾಕಿ ಕರಗುವ ತನಕ ಕಲಸಿ. ಅದಕ್ಕೆ ಒಂದೂಕಾಲು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಅಡುಗೆ ಸೋಡಾ ಸೇರಿಸಿ ಐದು ನಿಮಿಷ ಬಿಡಿ. ನೊರೆ ಎದ್ದು ಉಬ್ಬುತ್ತದೆ. ಅರ್ಧ ಕಪ್ ವಾಸನೆ ಇಲ್ಲದ ಎಣ್ಣೆ, ಒಂದು ಚಮಚ ವೆನಿಲ್ಲಾ ಹಾಕಿ, 190 ಗ್ರಾಂ ಮೈದಾವನ್ನು ಮೂರು ಸಲವಾಗಿ ಜರಡಿ ಹಿಡಿದು ಬೆರೆಸಿ. ಮೈದಾ ಬಿದ್ದ ಮೇಲೆ ಕೈ ನಿಧಾನವಾಗಲಿ. ಜೋರಾಗಿ ತಿರುವಿದಷ್ಟೂ ಮೈದಾದಲ್ಲಿ ಅಂಟು ಹುಟ್ಟಿ ಕೇಕ್ ಬಿಗಿಯಾಗುತ್ತದೆ. 180 ಡಿಗ್ರಿಯಲ್ಲಿ 35ರಿಂದ 40 ನಿಮಿಷ ಸಾಕು. ಮೊಸರು ಸ್ವಲ್ಪ ಹುಳಿ ಬಂದಿದ್ದರೆ ಒಳ್ಳೆಯದು, ಯಾಕೆಂದರೆ ಸೋಡಾ ಕೆಲಸ ಮಾಡುವುದೇ ಹುಳಿಯ ಜೊತೆ. ಹುಳಿ ಸಾಲದಿದ್ದರೆ ಸೋಡಾ ಹಾಗೇ ಉಳಿದು ಸೋಪಿನ ರುಚಿ ಬರುತ್ತದೆ. ಬೇಕಿಂಗ್ ಪೌಡರ್ ಹಳೆಯದಾಗಿದೆಯಾ ಅಂತ ಅನುಮಾನ ಬಂದರೆ ಅರ್ಧ ಚಮಚವನ್ನು ಬಿಸಿ ನೀರಿಗೆ ಹಾಕಿ ನೋಡಿ. ಬುರಬುರನೆ ಏಳದಿದ್ದರೆ ಎಸೆಯಿರಿ.

ಓವನ್ ಇಲ್ಲ ಅಂತ ಕೂರಬೇಡಿ. ದಪ್ಪ ತಳದ ಹಳೆಯ ಪಾತ್ರೆಯೊಳಗೆ ಒಂದು ಇಂಚು ಪುಡಿ ಉಪ್ಪು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ. ಆಮೇಲೆ ಟಿನ್ ಇಟ್ಟು ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ಕುಕ್ಕರ್ ಬಳಸುವುದಾದರೆ ರಬ್ಬರ್, ವಿಷಲ್ ಎರಡೂ ತೆಗೆಯಲೇಬೇಕು. ಆದರೆ ದಿನಾ ಅನ್ನ ಮಾಡುವ ಕುಕ್ಕರನ್ನು ನೀರಿಲ್ಲದೆ ಕಾಯಿಸುವುದು ನನಗೆ ಇಷ್ಟವಿಲ್ಲ. ತಳ ಹಾಳಾಗುತ್ತದೆ. ಓವನ್ ಇದ್ದವರಿಗೂ ಈ ಪಾತ್ರೆ ವಿದ್ಯೆ ಗೊತ್ತಿರಲಿ, ಕರೆಂಟ್ ಹೋಗುವುದು ಕೇಕ್ ಒಳಗಿದ್ದಾಗಲೇ ಅಲ್ವಾ? ಹಾಗಾದಾಗ ಬಾಗಿಲು ಮಾತ್ರ ತೆಗೆಯಬೇಡಿ, ಒಳಗಿನ ಬಿಸಿ ಸ್ವಲ್ಪ ಹೊತ್ತು ಕಾಪಾಡುತ್ತದೆ. ಮಾಮೂಲಿ ದಿನದಲ್ಲೂ ಮೊದಲ 25 ನಿಮಿಷ ಇಣುಕಬಾರದು. ನಡು ಕುಸಿಯುವುದು ಹೆಚ್ಚಾಗಿ ಅದರಿಂದಲೇ.

ಈಗ ಮುಖ್ಯ ವಿಷಯ. ನಾವು ನೋಡುವ ಪಾಕವಿಧಾನಗಳಲ್ಲಿ ಬಹಳಷ್ಟು ತಂಪು ದೇಶಗಳ ಅಡುಗೆಮನೆಯವು. ‘ಬೆಣ್ಣೆ ರೂಮ್ ಟೆಂಪರೇಚರ್‌ನಲ್ಲಿ ಇರಲಿ’ ಅಂದರೆ ಅವರ ಲೆಕ್ಕ ಸುಮಾರು 20 ಡಿಗ್ರಿ. ಏಪ್ರಿಲ್‌ನ ರಾಯಚೂರಿನಲ್ಲೋ ಕಲಬುರಗಿಯಲ್ಲೋ ಬೆಣ್ಣೆಯನ್ನು ಹಾಗೆ ಹೊರಗಿಟ್ಟರೆ ಎಣ್ಣೆಯಾಗಿ ಹರಿಯುತ್ತದೆ. ನಮಗೆ ಬೇಕಾದದ್ದು ಬೆರಳಿಟ್ಟರೆ ಗುಳಿ ಬೀಳುವ, ಆದರೆ ಹೊಳಪು ಬಾರದ ಬೆಣ್ಣೆ. ಬೇಸಿಗೆಯಲ್ಲಿ ಫ್ರಿಜ್‌ನಿಂದ ತೆಗೆದು ಹತ್ತು ನಿಮಿಷಕ್ಕೇ ಆ ಹದ ಬರಬಹುದು. ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ. ಅಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ, ಗಾಳಿಯ ಒತ್ತಡ ಕಮ್ಮಿ, ಹಿಟ್ಟು ಬೇಗ ಉಬ್ಬುತ್ತದೆ. ಮಡಿಕೇರಿಯಲ್ಲಿ ಇನ್ನೂ ಜಾಸ್ತಿ. ಮಂಗಳೂರಿನಲ್ಲಿ ಚೆನ್ನಾಗಿ ಬಂದ ಕೇಕ್ ಈ ಊರುಗಳಲ್ಲಿ ಉಬ್ಬಿ ಕುಸಿದರೆ, ಬೇಕಿಂಗ್ ಪೌಡರನ್ನು ಚಮಚಕ್ಕೆ ಎಂಟನೇ ಒಂದರಷ್ಟು ಕಮ್ಮಿ ಮಾಡಿ, ಒಂದೆರಡು ಚಮಚ ಹಾಲು ಜಾಸ್ತಿ ಹಾಕಿ ನೋಡಿ.

ಅಲಂಕಾರದಲ್ಲಂತೂ ಹವೆ ಹೇಳಿದ್ದೇ ನಡೆಯುವುದು. ಯಾವ ಡಿಸೈನ್ ಅಂತ ಯೋಚಿಸುವ ಮೊದಲು ಯಾವ ತಿಂಗಳು ಅಂತ ನೋಡಿ. ಮೊದಲ ಅಲಂಕಾರಕ್ಕೆ ನಾನು ಹೇಳುವುದು ಅಯ್ಯಂಗಾರ್ ಬೇಕರಿಯ ಹನಿ ಕೇಕ್. ಇದಕ್ಕೆ ಕಾಲದ ಹಂಗಿಲ್ಲ, ಕ್ರೀಮ್ ಬೇಡ. ಅರ್ಧ ಕಪ್ ಸಕ್ಕರೆ, ಅರ್ಧ ಕಪ್ ನೀರು ಕುದಿಸಿ, ಉಗುರುಬೆಚ್ಚಗಾದ ಮೇಲೆ ಎರಡು ಚಮಚ ಜೇನುತುಪ್ಪ ಬೆರೆಸಿ. ಆರಿದ ಕೇಕಿಗೆ ಕಡ್ಡಿಯಿಂದ ಅಲ್ಲಲ್ಲಿ ಚುಚ್ಚಿ ಈ ಪಾಕವನ್ನು ಚಮಚದಲ್ಲಿ ನಿಧಾನವಾಗಿ ಕುಡಿಸಿ. ನಾಲ್ಕು ಚಮಚ ಮಿಕ್ಸೆಡ್ ಫ್ರೂಟ್ ಜಾಮ್‌ಗೆ ಸ್ವಲ್ಪ ಅದೇ ಪಾಕ ಹಾಕಿ ಬಿಸಿ ಮಾಡಿ ಮೇಲೆ ಸವರಿ, ಒಣ ಕೊಬ್ಬರಿ ಪುಡಿ ಉದುರಿಸಿ. ರಾತ್ರಿ ಮಾಡಿ ಬೆಳಿಗ್ಗೆ ಕತ್ತರಿಸಿದರೆ ರುಚಿಯೇ ಬೇರೆ. ಮೇಲ್ಮೈ ಸಮವಾಗಿ ಸವರುವ ಕೈ ಇದರಲ್ಲೇ ಕೂರುತ್ತದೆ.

ಕ್ರೀಮ್ ಕೆಲಸ ಚಳಿಗಾಲದಲ್ಲಿ ಕಲಿಯಿರಿ. ಅಂಗಡಿಯಲ್ಲಿ ಸಿಗುವ 25 ಶೇಕಡಾ ಕೊಬ್ಬಿನ ಫ್ರೆಶ್ ಕ್ರೀಮ್ ಎಷ್ಟು ಬೀಟ್ ಮಾಡಿದರೂ ನಿಲ್ಲುವುದಿಲ್ಲ. 30ಕ್ಕಿಂತ ಜಾಸ್ತಿ ಬೇಕು. ಬೇಕರಿಯವರು ಬಳಸುವ ಡೈರಿ ಅಲ್ಲದ ವಿಪ್ಪಿಂಗ್ ಕ್ರೀಮ್ ನಮ್ಮ ಸೆಕೆಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ ನಿಜ, ಆದರೆ ಅದು ಸಸ್ಯದ ಕೊಬ್ಬು, ನಾಲಗೆಗೆ ಮೇಣ ಸವರಿದ ಹಾಗೆ ಉಳಿಯುತ್ತದೆ. ಕಲಿಯುವಾಗ ಅದು ಇರಲಿ, ಮನೆಮಂದಿಗೆ ಮಾಡುವಾಗ ಹಾಲಿನದೇ ಇರಲಿ ಅನ್ನುವುದು ನನ್ನ ಮತ. ಪಾತ್ರೆ, ಬೀಟರ್ ಕಡ್ಡಿ ಎರಡನ್ನೂ ಫ್ರೀಜರ್‌ನಲ್ಲಿ ಇಟ್ಟು ತಂಪು ಮಾಡಿ, ಕೆಳಗೆ ಐಸ್ ತುಂಬಿದ ಬೋಗುಣಿ ಇಟ್ಟುಕೊಂಡು ಬೀಟ್ ಮಾಡಿ. ಎತ್ತಿದಾಗ ತುದಿ ನಿಂತ ಕೂಡಲೇ ನಿಲ್ಲಿಸಿ. ಹಾಲಿನ ಕ್ರೀಮ್ ಇನ್ನೂ ಕಡೆದರೆ ಬೆಣ್ಣೆ ಬರುತ್ತದೆ, ಅದು ನಮ್ಮ ಅಜ್ಜಿಯರಿಗೂ ಗೊತ್ತಿತ್ತು. ಕೇಕ್ ಪೂರ್ತಿ ಆರಿದ ಮೇಲೆ ಸುತ್ತಲೂ ಚಾಕುವಿನಿಂದ ಗೆರೆ ಎಳೆದು, ಆ ಗೆರೆಯಲ್ಲಿ ದಾರ ಕೂರಿಸಿ ಎಳೆದರೆ ಪದರ ಸಮವಾಗಿ ಬರುತ್ತದೆ. ಮೊದಲು ತೆಳ್ಳಗೆ ಒಂದು ಕೈ ಕ್ರೀಮ್ ಸವರಿ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಪುಡಿಯೆಲ್ಲ ಅಲ್ಲೇ ಕೂರುತ್ತದೆ, ಎರಡನೇ ಕೈ ಶುದ್ಧವಾಗಿ ಬರುತ್ತದೆ. ನಾಝಲ್‌ನಿಂದ ಕ್ರೀಮಿನ ಹೂವು ಬಿಡುವುದನ್ನು ಸ್ಟೀಲ್ ತಟ್ಟೆಯ ಬೆನ್ನ ಮೇಲೆ ಅಭ್ಯಾಸ ಮಾಡಿ, ಕೆರೆದು ಮತ್ತೆ ತುಂಬಿಕೊಳ್ಳಿ.

ಮಾರ್ಚ್‌ನಿಂದ ಮೇ ತನಕ ಬೀಟ್ ಮಾಡಿದ ಕ್ರೀಮ್ ಬಿಟ್ಟು ಗನಾಷ್, ಅಂದರೆ ಬಿಸಿ ಕ್ರೀಮ್‌ನಲ್ಲಿ ಕರಗಿಸಿದ ಚಾಕೊಲೇಟ್, ಹಿಡಿಯಿರಿ. 200 ಗ್ರಾಂ ಡಾರ್ಕ್ ಚಾಕೊಲೇಟ್‌ಗೆ 100 ಗ್ರಾಂ ಬಿಸಿ ಕ್ರೀಮ್. ಚಳಿಗಾಲದಲ್ಲಿ ಸಮಸಮ ಹಾಕಿದರೂ ನಡೆಯುತ್ತದೆ. ಕರಗುವ ಚಾಕೊಲೇಟ್‌ಗೆ ಒಂದೆರಡು ಹನಿ ನೀರು ತಾಗಿದರೂ ಗಂಟುಕಟ್ಟುತ್ತದೆ, ಹಾಗಾಗಿ ಚಮಚ, ಪಾತ್ರೆ ಒಣಗಿರಲಿ. ಬಿಳಿ ಚಾಕೊಲೇಟ್‌ಗೆ ಬಣ್ಣ ಕೊಡುವುದಾದರೆ ಎಣ್ಣೆಯಲ್ಲಿ ಬೆರೆಯುವ ತಿನ್ನುವ ಬಣ್ಣವೇ ಆಗಬೇಕು. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿಯಲ್ಲಿ, ಫಾಂಡೆಂಟ್ (ಲಟ್ಟಿಸಿ ಕೇಕಿಗೆ ಹೊದಿಸುವ ಸಕ್ಕರೆ ಹಿಟ್ಟು) ತಂಟೆಗೆ ಹೋಗಬೇಡಿ. ಗಾಳಿಯ ತೇವ ಹೀರಿ ಬೆವರುತ್ತದೆ, ಫ್ರಿಜ್‌ನಲ್ಲಿಟ್ಟು ಹೊರತೆಗೆದರೆ ಇನ್ನೂ ಅಂಟು. ಡಿಸೆಂಬರ್‌ನಲ್ಲಿ ಬೆಂಗಳೂರಿನ ಕೇಕ್ ಶೋಗೆ ಹೋಗಿ ಸಕ್ಕರೆಯಲ್ಲಿ ಕಟ್ಟಿದ ಕೋಟೆ, ಗೋಪುರ ನೋಡಿ ಬಂದವರಿಗೆ ಕೈ ತುರಿಸುತ್ತದೆ, ಗೊತ್ತು. ಅದು ತಿಂಗಳುಗಟ್ಟಲೆ ಕೂತು ಮಾಡುವ ಕೆಲಸ. ಮೊಮ್ಮಗನ ಹುಟ್ಟುಹಬ್ಬಕ್ಕೆ ಅಲ್ಲ.

ಬಣ್ಣ ಕಮ್ಮಿ ಹಾಕಿ. ಅರಿಶಿನ ಹಾಕಿ ಹಳದಿ ಕೇಕ್ ಮಾಡಲು ಹೊರಟರೆ ಸೋಡಾ ತಾಗಿ ಕೆಂಪಾಗುತ್ತದೆ, ಕುಂಕುಮ ಮಾಡುವುದೂ ಇದೇ ಗುಣದಿಂದಲ್ಲವೇ? ಬೀಟ್‌ರೂಟ್ ಹಾಕಿದ್ದು ಬೆಂದಾಗ ಕಂದಾಗುತ್ತದೆ, ಅದನ್ನು ಕ್ರೀಮ್‌ಗೆ ಇಟ್ಟುಕೊಳ್ಳಿ. ಹೊಳೆಯುವ ಚಿನ್ನದ ಪುಡಿಯ ಡಬ್ಬಿ ಮೇಲೆ ‘ನಾನ್ ಟಾಕ್ಸಿಕ್’ ಅಂತ ಬರೆದಿದ್ದರೆ ಸಾಲದು, ತಿನ್ನಬಹುದು ಅಂತ ಬರೆದಿರಬೇಕು. ಇನ್ನು ನಿಜವಾದ ಹೂವು. ಮಾರ್ಕೆಟ್ಟಿನ ಗುಲಾಬಿಗೆ ಔಷಧಿ ಹೊಡೆದಿರುತ್ತಾರೆ. ಅಂಗಳದ ಕಣಗಿಲೆ ನೋಡಲು ಚೆಂದ, ಆದರೆ ಪೂರ್ತಿ ವಿಷ. ಅದನ್ನು ಕೇಕಿನ ಹತ್ತಿರವೂ ತರಬೇಡಿ. ನಿಮ್ಮದೇ ಕುಂಡದ, ಏನೂ ಸಿಂಪಡಿಸದ ಗುಲಾಬಿ ಎಸಳಾದರೆ ಸರಿ.

ಯಾರ ಮನೆಗಾದರೂ ಒಯ್ಯುವಾಗ ಕೇಕ್ ಡಬ್ಬಿಯನ್ನು ತೊಡೆ ಮೇಲೆ ಇಟ್ಟುಕೊಳ್ಳಬೇಡಿ, ತೊಡೆ ಇಳಿಜಾರು. ಕಾರಿನ ನೆಲದ ಮೇಲೆ, ಕಾಲಿಡುವ ಜಾಗದಲ್ಲಿ ಸಮವಾಗಿ ಇಡಿ. ಕತ್ತರಿಸುವ ಚಾಕುವನ್ನು ಬಿಸಿ ನೀರಿಗೆ ಅದ್ದಿ, ಒರೆಸಿ, ಪ್ರತಿ ತುಂಡಿಗೂ ಹಾಗೇ ಮಾಡಿ. ಬೆಣ್ಣೆ ಕೇಕ್ ಫ್ರಿಜ್‌ನಲ್ಲಿ ಗಟ್ಟಿಯಾಗುವುದರಿಂದ ಅರ್ಧ ಗಂಟೆ ಮುಂಚೆ ಹೊರಗಿಡಬೇಕು, ಎಣ್ಣೆಯದು ತಣ್ಣಗಿದ್ದರೂ ಮೆತ್ತಗೇ ಇರುತ್ತದೆ. ಉಳಿದ ಕ್ರೀಮ್ ಕೇಕನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟು ಎರಡು ದಿನದಲ್ಲಿ ಮುಗಿಸಿ. ಸುಮ್ನೆ ತಟ್ಟೆ ಮುಚ್ಚಿ ಇಟ್ಟರೆ, ಪಕ್ಕದ ಬೆಳ್ಳುಳ್ಳಿ ಚಟ್ನಿಯ ವಾಸನೆ ಪೂರ್ತಿ ವೆನಿಲ್ಲಾದೊಳಗೆ ಸೇರಿಕೊಂಡಿರುತ್ತದೆ.