ಪದವಿನ ಗಿಡ ಎಣಿಸಲು ಎಷ್ಟು ಚೌಕ ಬೇಕು?

ಮಳೆ ಹಿಡಿದ ಮೇಲೆ ಕಾಸರಗೋಡಿನ ಮುರಕಲ್ಲಿನ ಪದವುಗಳಿಗೆ, ಅಂದರೆ ಕೆಂಪುಕಲ್ಲಿನ ಬಯಲುಗುಡ್ಡಗಳಿಗೆ, ಜೀವ ಬರುತ್ತದೆ. ಬೇಸಿಗೆಯಲ್ಲಿ ಕಾದ ಕಾವಲಿಯಂತಿದ್ದ ಪಾರೆಯ ಸಂದುಗಳಲ್ಲಿ ಮುಳಿಹುಲ್ಲು ಏಳುತ್ತದೆ. ಓಣಂ ಹೊತ್ತಿಗೆ, ಮಲಯಾಳಿಗಳು ಕಾಕ್ಕಪ್ಪೂ ಎನ್ನುವ ನೀಲಿ ಹೂ ನೆಲ ಮುಚ್ಚುತ್ತದೆ. ಇದೇ ಜಾಗವನ್ನು ಬೇಸಿಗೆಯಲ್ಲಿ ಕಂಡವರು ಬಂಜರು ಎಂದುಬಿಡುತ್ತಾರೆ, ಹಿಂದೆಯೇ ಕೆಂಪುಕಲ್ಲಿನ ಕೋರೆ ಬರುತ್ತದೆ. ಆದ್ದರಿಂದ ಪದವಿನ ಗಿಡಗಳ ಲೆಕ್ಕ ಯಾರು ಪ್ರಶ್ನಿಸಿದರೂ ನಿಲ್ಲುವಂತಿರಬೇಕು. ಇಡೀ ಪದವನ್ನು ಎಣಿಸಲಾಗದ್ದರಿಂದ ಅಲ್ಲಲ್ಲಿ ಚೌಕಟ್ಟು ಇಟ್ಟು, ಆ ಚೌಕಗಳೊಳಗಿನ ಗಿಡಗಳ ಜಾತಿ ಎಣಿಸುತ್ತೇವೆ. ಸಮೀಕ್ಷೆಗೆ ಬರುವ ವಿದ್ಯಾರ್ಥಿಗಳು ಮೊದಲು ಕೇಳುವುದು, "ಹತ್ತು ಚೌಕ ಸಾಕಲ್ಲವೇ ಮಾಸ್ಟ್ರೇ?" ಎಡವುವುದೂ ಅಲ್ಲಿಯೇ.

ಮೊದಲು ಪದವಿನ ಎಲ್ಲೆ ಗುರುತಿಸಿ, ಏನನ್ನು ಅಳೆಯುತ್ತೀರಿ ಎಂದು ಒಂದೇ ಸಾಲಿನಲ್ಲಿ ಬರೆದುಕೊಳ್ಳಿ.

ಹುಲ್ಲು ಮತ್ತು ಸಣ್ಣ ಗಿಡಗಳಿಗೆ ಒಂದು ಮೀಟರ್ ಉದ್ದಗಲದ ಚೌಕಟ್ಟು ಬೇಕು. ಪಿವಿಸಿ ಕೊಳವೆಯದ್ದನ್ನೇ ಮಾಡಿಸಿ. ನೈಲಾನ್ ಹಗ್ಗ ಬೇಡವೇ ಬೇಡ. ಎಳೆದಷ್ಟೂ ಹಿಗ್ಗುತ್ತದೆ, ಮೂಲೆಗಳು ನೇರ ನಿಲ್ಲುವುದಿಲ್ಲ. ಅಗ್ಗದ ಪ್ಲಾಸ್ಟಿಕ್ ಅಳತೆಪಟ್ಟಿಯದ್ದೂ ಅದೇ ಗತಿ.

ಆಮೇಲೆ ಹತ್ತು ಚೌಕಗಳ ಪೂರ್ವಪರೀಕ್ಷೆ. ಇದನ್ನು ಬಿಟ್ಟರೆ ಮುಂದಿನದೆಲ್ಲ ಊಹೆ. ನೀರು ನಿಂತ ಗುಂಡಿಯ ಅಂಚಿನ ಚೌಕದಲ್ಲಿ ಇಪ್ಪತ್ತು ಜಾತಿ ಸಿಕ್ಕರೆ, ನಾಲ್ಕು ಹೆಜ್ಜೆ ಆಚೆಯ ಪಾರೆಯ ಮೇಲೆ ನಾಲ್ಕೇ ಸಿಗಬಹುದು. ಈ ಏರಿಳಿತದ ಅಳತೆಯೇ ಮಾನಕ ವಿಚಲನೆ. ಎಷ್ಟು ಚೌಕ ಬೇಕೆಂದು ನಿರ್ಧರಿಸುವುದರಲ್ಲಿ ಪದವಿನ ವಿಸ್ತೀರ್ಣಕ್ಕಿಂತ ಇದರ ಪಾತ್ರ ಬಹಳ ದೊಡ್ಡದು.

ಚೌಕಕ್ಕೆ ಸರಾಸರಿ 14 ಜಾತಿ, ಮಾನಕ ವಿಚಲನೆ 5 ಬಂತೆನ್ನಿ. ಸರಾಸರಿಯಲ್ಲಿ ಎರಡು ಜಾತಿ ಆಚೀಚೆಯಾದರೆ ಪರವಾಗಿಲ್ಲ, ವಿಶ್ವಾಸ ಮಟ್ಟ (ಇದರ ಅರ್ಥ ಮುಂದೆ ಹೇಳುತ್ತೇನೆ) ಶೇಕಡಾ 95 ಇರಲಿ. ಆ ಮಟ್ಟದ ಗುಣಕ 1.96. ಅದನ್ನು 5ರಿಂದ ಗುಣಿಸಿ, 2ರಿಂದ ಭಾಗಿಸಿ, 4.9 ಬರುತ್ತದೆ. ಅದರ ವರ್ಗ 24.01, ಅಂದರೆ 25 ಚೌಕ. ಹೆಚ್ಚಿನವರು ಇಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ಮುಚ್ಚಬಾರದು. 1.96 ದೊಡ್ಡ ಮಾದರಿಗಳಿಗೆ ಹೊಂದುವ ಸಂಖ್ಯೆ. ಸಣ್ಣ ಮಾದರಿಗಳಿಗಾಗಿ ವಿಲಿಯಂ ಗಾಸೆಟ್ 1908ರಲ್ಲಿ 'ಸ್ಟೂಡೆಂಟ್' ಎಂಬ ಹೆಸರಿನಲ್ಲಿ ಪ್ರಕಟಿಸಿದ ಲೇಖನದಿಂದ ಬೆಳೆದ ಟಿ ಕೋಷ್ಟಕವಿದೆ. ಅದರಲ್ಲಿ 25 ಚೌಕಕ್ಕೆ ಗುಣಕ 2.064. ಮತ್ತೆ ಲೆಕ್ಕ ಹಾಕಿದರೆ 27 ಬರುತ್ತದೆ. ಇದೇ ಕ್ರಮದಲ್ಲಿ ಶೇಕಡಾ 90ಕ್ಕೆ 19 ಚೌಕ, 99ಕ್ಕೆ 46. ತಪ್ಪನ್ನು ಎರಡರಿಂದ ಒಂದು ಜಾತಿಗೆ ಇಳಿಸಲು ಹೊರಟರೆ ಮಾತ್ರ 27 ಇದ್ದದ್ದು ಸುಮಾರು ನೂರಕ್ಕೆ ಏರುತ್ತದೆ. ಮಳೆಗಾಲದ ಒಂದು ವಾರದಲ್ಲಿ ಮುಗಿಸಬೇಕಾದವರಿಗೆ ನನ್ನ ಸಲಹೆ 95, ಆಚೀಚೆ ಎರಡು.

ಶೇಕಡಾ 95 ಎಂದರೆ ನೂರರಲ್ಲಿ 95 ಗಿಡ ಸಿಕ್ಕಿತು ಎಂದಲ್ಲ. ಇದೇ ರೀತಿಯ ಸಮೀಕ್ಷೆಯನ್ನು ನೂರು ಸಲ ಮಾಡಿ, ಪ್ರತಿ ಸಲವೂ ಸರಾಸರಿಯ ಸುತ್ತ ವ್ಯಾಪ್ತಿ ಕಟ್ಟಿದರೆ, ಸುಮಾರು 95 ವ್ಯಾಪ್ತಿಗಳೊಳಗೆ ನಿಜವಾದ ಸರಾಸರಿ ಇರುತ್ತದೆ. ಅಷ್ಟೇ.

ಮೊಬೈಲಿನ ಲೆಕ್ಕದ ಆ್ಯಪ್‌ಗಳು ಹೆಚ್ಚಾಗಿ ಕೊಡುವ 385 ಎಂಬ ಉತ್ತರವನ್ನು ನಂಬಬೇಡಿ. ಅದು ಹೌದು ಅಥವಾ ಇಲ್ಲ ಎಂಬ ಉತ್ತರವಿರುವ ಜನಮತ ಸಮೀಕ್ಷೆಯ ಸಂಖ್ಯೆ.

ಇನ್ನು ಚೌಕ ಇಡುವುದು. ಹೆಗಲ ಮೇಲಿನಿಂದ ಹಿಂದಕ್ಕೆ ಎಸೆದರೆ ಯಾದೃಚ್ಛಿಕವಾಗುವುದಿಲ್ಲ, ಅಂದರೆ ಚೀಟಿ ಎತ್ತಿದಂತೆ ಪಕ್ಷಪಾತವಿಲ್ಲದ ಆಯ್ಕೆಯಾಗುವುದಿಲ್ಲ. ಕೈ ತನಗೆ ಗೊತ್ತಿಲ್ಲದೆ ಹೂವಿನ ಕಡೆಗೇ ಎಸೆಯುತ್ತದೆ. ಪದವಿನ ನಕ್ಷೆಯಲ್ಲಿ ಬರಿ ಪಾರೆ, ತೆಳು ಮಣ್ಣು, ನೀರು ನಿಲ್ಲುವ ಗುಂಡಿ ಎಂದು ಭಾಗ ಮಾಡಿ. ವಿಸ್ತೀರ್ಣಕ್ಕೆ ತಕ್ಕಂತೆ 27 ಚೌಕಗಳನ್ನು ಹಂಚಿ, ಯಾದೃಚ್ಛಿಕ ಸಂಖ್ಯೆಗಳಿಂದ ಜಾಗ ಆರಿಸಿ. ಒಂದೇ ಗುಂಡಿಯ ಸುತ್ತ 27 ಚೌಕ ಇಟ್ಟ ತಂಡವೊಂದನ್ನು ನೋಡಿದ್ದೇನೆ. ಅವರು ಎಣಿಸಿದ್ದು ಆ ಗುಂಡಿಯನ್ನು, ಪದವನ್ನಲ್ಲ. ಈ ತಪ್ಪಿಗೆ ಯಾವ ವಿಶ್ವಾಸ ಮಟ್ಟವೂ ಮದ್ದಲ್ಲ.

ಚೌಕದ ಅಂಚಿನಲ್ಲಿ ಬೇರೂರಿದ ಗಿಡವನ್ನು ಯಾವ ಎರಡು ಬದಿಗಳಲ್ಲಿ ಸೇರಿಸುವುದು, ಯಾವ ಎರಡರಲ್ಲಿ ಬಿಡುವುದು ಎಂದು ಮೊದಲೇ ನಿರ್ಧರಿಸಿ. ಆರಿಸಿದ ಜಾಗದಲ್ಲಿ ಬರಿ ಕಲ್ಲೇ ಇದ್ದರೆ ಚೌಕವನ್ನು ಪಕ್ಕಕ್ಕೆ ಸರಿಸದೆ, ಸೊನ್ನೆ ಎಂದು ಬರೆದು ಮುಂದಿನದಕ್ಕೆ ನಡೆಯಿರಿ.