ಮಕ್ಕಳ ಎದುರಿಗೆ ಅದನ್ನು ‘ಎಣ್ಣೆ’ ಅನ್ನಬೇಡಿ

ನಮ್ಮ ಹಾವೇರಿ ಕಡೆ ಬೆಳೆಗೆ ಕೀಟನಾಶಕ ಸಿಂಪಡಿಸುವುದಕ್ಕೆ ಎಣ್ಣೆ ಹೊಡೆಯುವುದು ಅನ್ನುತ್ತೇವೆ. ಕೆಲವರು ಔಷಧಿ ಅನ್ನುತ್ತಾರೆ. ದೊಡ್ಡವರಿಗೆ ಅರ್ಥವಾಗುತ್ತದೆ, ಸರಿ. ಆದರೆ ನಾಲ್ಕು ವರ್ಷದ ಮಗುವಿಗೆ ಎಣ್ಣೆ ಅಂದರೆ ತಲೆಗೆ ಹಚ್ಚುವುದು, ಔಷಧಿ ಅಂದರೆ ಜ್ವರ ಬಂದಾಗ ಅಮ್ಮ ಕುಡಿಸುವ ಸಿಹಿ ಸಿರಪ್ಪು, ಅಲ್ವಾ? ಅದಕ್ಕೇ ಸೊಸೆಯಂದಿರಿಗೆ ನಾನು ಮೊದಲು ಹೇಳಿದ್ದು ಇದನ್ನೇ: ಮಕ್ಕಳ ಎದುರಿಗೆ ಅದನ್ನು ವಿಷ ಅಂತಲೇ ಕರೆಯಿರಿ.

ನಾನು ಇದನ್ನು ಪೆಟ್ಟು ತಿಂದು ಕಲಿತೆ. ನನ್ನ ಎರಡನೇ ಮಗಳಿಗೆ ಆಗ ಐದು ವರ್ಷ. ಹತ್ತಿ ಹೊಲಕ್ಕೆ ಹೊಡೆದು ಬಂದ ಯಜಮಾನರು ಅಳತೆಯ ಮುಚ್ಚಳವನ್ನು ಬಚ್ಚಲ ಕಟ್ಟೆ ಮೇಲೆ ಇಟ್ಟು ಮರೆತಿದ್ದರು. ಹಸಿರು ಬಣ್ಣದ ಪುಟ್ಟ ಮುಚ್ಚಳ. ಅವಳಿಗೆ ಅದು ಅಡುಗೆ ಆಟದ ಲೋಟವಾಯಿತು. ನೀರು ತುಂಬಿ ಗೊಂಬೆಗೊಂದು ಗುಟುಕು, ತನಗೊಂದು ಗುಟುಕು. ಸ್ವಲ್ಪ ಹೊತ್ತಿಗೆ ಬಾಯಿಂದ ಜೊಲ್ಲು ಸುರಿಯತೊಡಗಿತು, ಮೈಯೆಲ್ಲ ಬೆವರು, ವಾಂತಿ, ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. ಉಪ್ಪುನೀರು ಕುಡಿಸಿ ಎಲ್ಲ ಕಕ್ಕಿಸಿ ಅಂತ ಅಕ್ಕಪಕ್ಕದವರು ಹೇಳಿದರು, ನಾನು ಲೋಟ ಎತ್ತಿಯೂ ಆಗಿತ್ತು, ಅಷ್ಟರಲ್ಲಿ ನಮ್ಮತ್ತೆ ಅದನ್ನು ಕಿತ್ತುಕೊಂಡು ಮೊದಲು ಗಾಡಿ ಹತ್ತು ಅಂದರು. ಯಜಮಾನರು ವಿಷದ ಡಬ್ಬಿ ಹಿಡಿದುಕೊಂಡೇ ಬಂದರು. ಅದರ ಮೇಲಿನ ಹೆಸರು ಓದಿದ ಮೇಲೆ ಡಾಕ್ಟರು ಆ ವಿಷಕ್ಕೆ ಮದ್ದಾದ ಅಟ್ರೋಪಿನ್ ಸೂಜಿ ಕೊಟ್ಟರು. ಮಗಳು ಉಳಿದಳು.

ಅಂದಿನಿಂದ ನಮ್ಮಲ್ಲಿ ಅಳತೆ ಮುಚ್ಚಳ, ಕಲಸುವ ಕೋಲು, ಬಕೆಟ್ಟು, ಎಲ್ಲಕ್ಕೂ ಕೆಂಪು ಪೇಂಟ್. ಡಬ್ಬಿಗಳ ಜೊತೆ ಅವೂ ದನದ ಕೊಟ್ಟಿಗೆಯಿಂದಲೂ ಆಚೆ, ಬೀಗ ಹಾಕಿದ ತಗಡಿನ ಪೆಟ್ಟಿಗೆಯಲ್ಲಿ. ಅಟ್ಟದ ಮೇಲೆ, ಮಂಚದ ಕೆಳಗೆ, ಅಡುಗೆಮನೆ ಮೂಲೆಯಲ್ಲಿ ಯಾವತ್ತೂ ಬೇಡ. ಉಳಿದ ವಿಷವನ್ನು ತಂಪು ಪಾನೀಯದ ಬಾಟಲಿಗೆ ಸುರಿದಿಡುವವರನ್ನು ಕಂಡರೆ ನನಗೆ ಈಗಲೂ ಕೈ ನಡುಗುತ್ತದೆ. ಖಾಲಿ ಡಬ್ಬಿಯೂ ಅಷ್ಟೇ. ಎಷ್ಟು ತೊಳೆದರೂ ಅದು ಮನೆಗೆ ಬರಬಾರದು. ಮೂರು ಸಲ ತೊಳೆದು, ಆ ನೀರನ್ನು ಸಿಂಪಡಿಸುವ ಪಂಪಿಗೇ ಸುರಿದು, ಡಬ್ಬಿಗೆ ತೂತು ಹೊಡೆಯಿರಿ. ಬಿಹಾರದ ಸಾರಣ್ ಜಿಲ್ಲೆಯಲ್ಲಿ 2013ರ ಜುಲೈನಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಸೇರಿತ್ತು. ನಮ್ಮ ಹತ್ತಿ ಹೊಲಗಳಿಗೆ ಹೊಡೆಯುತ್ತಿದ್ದ ಅದೇ ವಿಷ.

ಬಾಯಿಗೆ ಹೋದರೆ ಮಾತ್ರ ಅಪಾಯ ಅಂದುಕೊಳ್ಳಬೇಡಿ. ಚರ್ಮದಿಂದ, ಉಸಿರಿನಿಂದಲೂ ಒಳಗೆ ಇಳಿಯುತ್ತದೆ. ಮಕ್ಕಳ ಮೈ ಸಣ್ಣದು, ತೂಕಕ್ಕೆ ಹೋಲಿಸಿದರೆ ನಮಗಿಂತ ಜಾಸ್ತಿ ಗಾಳಿ ಎಳೆದುಕೊಳ್ಳುತ್ತಾರೆ, ಮಣ್ಣಲ್ಲಿ ಆಡಿದ ಕೈ ಸೀದಾ ಬಾಯಿಗೆ. ಹೊಡೆಯುವ ದಿನ ಮಕ್ಕಳು ಹೊಲದ ಹತ್ತಿರವೇ ಇರಬಾರದು, ನೀರು ತಂದುಕೊಡುವುದಕ್ಕೂ ಬೇಡ, ಬದುವಿನ ಬೇವಿನ ಮರಕ್ಕೆ ಜೋಲಿ ಕಟ್ಟಿ ಕೂಸು ಮಲಗಿಸುವುದೂ ಬೇಡ. ಪಕ್ಕದ ಹೊಲದವರು ಯಾವಾಗ ಹೊಡೆಯುತ್ತಾರೆ ಅಂತ ಕೇಳಿಟ್ಟುಕೊಂಡು ಅವತ್ತು ಕಿಟಕಿ ಮುಚ್ಚಿ, ಒಣಹಾಕಿದ ಬಟ್ಟೆ ಒಳಗೆ ತನ್ನಿ. ಅಪ್ಪ ಬಂದ ಅಂತ ಮಗು ಓಡಿ ಕಾಲು ತಬ್ಬಿಕೊಳ್ಳುತ್ತದಲ್ಲ, ಆಗ ನೀವೇ ಅದನ್ನು ಎತ್ತಿಕೊಂಡು ತಡೆಯಬೇಕು. ಅಪ್ಪ ಹೊರಗೇ ಬಟ್ಟೆ ಬಿಚ್ಚಿ, ಸೋಪು ಹಚ್ಚಿ ಸ್ನಾನ ಮಾಡಿದ ಮೇಲೆಯೇ ಮಗು. ಆ ಬಟ್ಟೆ ಬೇರೆ ಬಕೆಟ್ಟಿನಲ್ಲಿ ಒಗೆಯಬೇಕು, ಮಕ್ಕಳ ಬಟ್ಟೆ ಜೊತೆ ಸುಮ್ನೆ ನೆನೆಹಾಕಬೇಡಿ.

ಬಿತ್ತಿ ಉಳಿದ ಗೋವಿನಜೋಳದ ಬೀಜಕ್ಕೆ ವಿಷ ಸವರಿರುತ್ತಾರೆ, ಗುಲಾಬಿ ಬಣ್ಣಕ್ಕಿರುತ್ತದೆ, ಮಕ್ಕಳಿಗೆ ಮಿಠಾಯಿ ಹಾಗೆ ಕಾಣುತ್ತದೆ. ಅದೂ ಬೀಗದೊಳಗೇ ಇರಲಿ. ಹೇನಿಗೆ ಅಂತ ಹೊಲದ ವಿಷವನ್ನು ಹುಡುಗಿಯರ ತಲೆಗೆ ಸವರುವವರು ಇದ್ದಾರೆ. ದಯವಿಟ್ಟು ಬೇಡ, ಹೇನಿನ ಬಾಚಣಿಗೆ ಹಿಡಿದು ನಾಲ್ಕು ದಿನ ಕೂತು ಬಾಚಿ. ಹುಳ ಹಿಡಿಯದಂತೆ ಕಾಳಿಗೆ ಹಾಕುವ ಗುಳಿಗೆಯಂತೂ ಮನೆಯೊಳಗೆ ಇಡಲೇಬಾರದು. ತೇವ ತಾಗಿದರೆ ವಿಷಗಾಳಿ ಬಿಡುತ್ತದೆ, ಚೀಲದ ಪಕ್ಕ ಮಲಗಿದವರು ಏಳುವುದಿಲ್ಲ. ಜೋಳ ಚೆನ್ನಾಗಿ ಒಣಗಿಸಿ ಬೇವಿನೆಲೆ ಹಾಕಿ, ತೊಗರಿಬೇಳೆಗೆ ಹರಳೆಣ್ಣೆ ಸವರಿ. ನಮ್ಮ ಮನೆಯಲ್ಲಿ ಇಷ್ಟರಲ್ಲೇ ನಡೆಯುತ್ತಿದೆ.

ಆದರೂ ಏನಾದರೂ ಆಗಿಬಿಟ್ಟರೆ ವಾಂತಿ ಮಾಡಿಸಬೇಡಿ, ಹಾಲು, ಉಪ್ಪುನೀರು ಏನನ್ನೂ ಕುಡಿಸಬೇಡಿ. ಮೈಮೇಲೆ ಚೆಲ್ಲಿದ್ದರೆ ಬಟ್ಟೆ ಕಳಚಿ ಸೋಪಿನಲ್ಲಿ ತೊಳೆಯಿರಿ, ಕಣ್ಣಿಗೆ ಬಿದ್ದಿದ್ದರೆ 15 ನಿಮಿಷ ನೀರು ಬಿಡುತ್ತಾ ಇರಿ. ಎಚ್ಚರ ತಪ್ಪಿದ್ದರೆ ಮಗ್ಗುಲಿಗೆ ಮಲಗಿಸಿ. ಡಬ್ಬಿ ಜೊತೆಗಿರಲಿ. ಆಂಬುಲೆನ್ಸಿಗೆ 108. ದೆಹಲಿಯ ಏಮ್ಸ್ ಆಸ್ಪತ್ರೆಯ ವಿಷ ಮಾಹಿತಿ ಕೇಂದ್ರದ ನಂಬರು 1800 116 117, ಫೋನಿಗೆ ದುಡ್ಡು ಬೀಳುವುದಿಲ್ಲ. ನಮ್ಮ ಮನೆಯಲ್ಲಿ ಈ ಎರಡೂ ನಂಬರನ್ನು ಮೊಮ್ಮಗಳೇ ದಪ್ಪ ಅಕ್ಷರದಲ್ಲಿ ಬಾಗಿಲ ಹಿಂದೆ ಬರೆದಿದ್ದಾಳೆ.